ಡೀಲಿಯಾಳಿಗೆ ತೋಡಿದ ಗುಂಡಿ

ಗುಂಡಿಯ ಎಡಬದಿ ಕುಸಿದಾಗ ಫೆಸ್ಟಿ ಎದೆಮಟ್ಟಕ್ಕೆ ಇಳಿದಿದ್ದ. ಒದ್ದೆ ಮಣ್ಣು ಬಂದು ಅವನ ಮೊಣಕಾಲನ್ನು ಮುಚ್ಚಿತು. ಮೇಲೆ ನಿಂತಿದ್ದ ಬಾರ್ಟ್ಲಿ ಕೈ ಚಾಚಿದ. ಫೆಸ್ಟಿ ಬೇಡವೆಂದು ತಲೆಯಾಡಿಸಿ, ಕಾಲು ಬಿಡಿಸಿಕೊಂಡು, ಬಿದ್ದ ಮಣ್ಣನ್ನು ಎತ್ತಿ ಮೇಲೆ ಹಾಕತೊಡಗಿದ. ವಾರದಿಂದ ಹಿಡಿದಿದ್ದ ಮಳೆ ಹಿಂದಿನ ಸಂಜೆಯಷ್ಟೇ ಬಿಟ್ಟಿತ್ತು.

ಡ್ರಮ್‌ಲೀ ಊರಿನಲ್ಲಿ ಗುಂಡಿ ತೋಡುವುದಕ್ಕೆ ಕೂಲಿಯಾಳುಗಳಿಲ್ಲ. ಸತ್ತವರ ನೆರೆಹೊರೆಯವರೇ ತೋಡಬೇಕು, ಮನೆಯವರು ಒಂದು ಬಾಟಲಿ ವಿಸ್ಕಿ ಕಳಿಸಬೇಕು. ಸತ್ತ ಡೀಲಿಯಾಳ ಮನೆಗೂ ಫೆಸ್ಟಿಯ ಮನೆಗೂ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಕಲ್ಲುಗೋಡೆ. ಮದುವೆಯಾಗದೆ ಅರವತ್ತು ದಾಟಿದ ಫೆಸ್ಟಿ ಆ ಬೆಳಿಗ್ಗೆ ವಿಸ್ಕಿಯ ಮುಚ್ಚಳ ತೆಗೆದಿರಲಿಲ್ಲ.

ಊರಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಮಂಗಳವಾರ ಊರಿನ ಹಾಲ್‌ನಲ್ಲಿ ಇಸ್ಪೀಟಿನ ಆಟ ಮುಗಿದ ಮೇಲೆ ಡೀಲಿಯಾ ಎಂದಿನಂತೆ ಎಲ್ಲರ ಕಪ್ಪು ತೊಳೆದಿಟ್ಟು, ಸೈಕಲ್ ಹತ್ತಿ ಹೊರಟಿದ್ದಳು. ಬೋರಿನ ಪಂಪಿನ ಹತ್ತಿರ ಸೈಕಲನ್ನು ಗೋಡೆಗೆ ಒರಗಿಸಿ ಕುಳಿತವಳು ಮತ್ತೆ ಏಳಲಿಲ್ಲ. ಒಂದು ದಿನವೂ ಕೆಮ್ಮಿ ಮಲಗಿದ ಹೆಂಗಸಲ್ಲ. ಮರುದಿನ ಬೆಳಿಗ್ಗೆ ಡೇರಿಗೆ ಹಾಲು ತಂದ ಗಂಡಸರು ಕ್ಯಾನುಗಳನ್ನು ಇಳಿಸುವುದನ್ನೂ ಮರೆತು ನಿಂತಿದ್ದರು. ಊರಿನ ಯಾವ ಮದುವೆಗೆ, ಯಾವ ಸಾವಿಗೆ ಅವಳು ಚಹಾ ಮಾಡಿರಲಿಲ್ಲ? ಈಗ ಅವಳ ಸಾವಿಗೆ ಚಹಾ ಮಾಡುವವರು ಯಾರು ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದ್ದರು.

ಅವಳನ್ನು ಗಂಡ ಕೋಲ್ಮನ್‌ನ ಗೋರಿಯಲ್ಲೇ, ಅವನ ಪೆಟ್ಟಿಗೆಯ ಮೇಲೆ, ಮಣ್ಣು ಮಾಡಬೇಕಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಸುರಂಗ ಕುಸಿದು ಸತ್ತವನು ಅವನು. ಅವನ ಗುಂಡಿಯನ್ನು ತೋಡಿದ್ದೂ ಇದೇ ಫೆಸ್ಟಿ, ಇದೇ ಬಾರ್ಟ್ಲಿ. ಶವಗಾಡಿಯ ಮಾಲಾಕಿ ನಿನ್ನೆ ಸಂಜೆ ಅದಕ್ಕೆಂದೇ ಫೆಸ್ಟಿಯ ಮನೆಗೆ ಬಂದು, ಮಣ್ಣು ನೆಂದಿದೆ, ಮೇಲುಮೇಲೆ ತೋಡಿದರೆ ಸಾಕು, ಆಳಕ್ಕೆ ಹೋಗಬೇಡಿ ಎಂದು ಹೇಳಿ ಹೋಗಿದ್ದ.

ಆದರೆ ಬಿದ್ದ ಮಣ್ಣನ್ನು ತೆಗೆಯದೆ ಆಗುತ್ತಿರಲಿಲ್ಲ. ತೆಗೆಯುತ್ತ ಹೋದಂತೆ ಕೊಳೆತು ಕಪ್ಪಾಗಿದ್ದ ಪೆಟ್ಟಿಗೆಯ ಹಲಗೆಯ ಚೂರು ಬಂತು. ಫೆಸ್ಟಿ ಸಲಿಕೆ ನಿಲ್ಲಿಸಿ, ಟೋಪಿ ತೆಗೆದು ಕೋಲ್ಮನ್‌ನ ಹೆಸರು ಹೇಳಿ ಪ್ರಾರ್ಥನೆ ಮಾಡಿದ. ಆಮೇಲೆ ಹಲಗೆಯ ಮೇಲೆ ಹುಷಾರಾಗಿ ಮಣ್ಣು ಎಳೆಯಲು ಹೋದಾಗ ಸಲಿಕೆಯ ತುದಿ ಗಟ್ಟಿಯಾದ ಏನಕ್ಕೋ ತಾಗಿತು. ಅದು ಮರದ ಸದ್ದಲ್ಲ, ಮೂಳೆಯದೂ ಅಲ್ಲ.

ಬಗ್ಗಿ ಕೈಯಿಂದ ಸವರಿದ. ಬಾರ್ಟ್ಲಿಯೂ ಇಳಿದ. ಇಬ್ಬರೂ ಬೆರಳಿನಿಂದ ಮಣ್ಣು ಸರಿಸಿದರು. ಮೂರು ಚೀಲ ಸಿಮೆಂಟು, ಸಾಲಾಗಿ ಮಲಗಿಸಿದ್ದು, ನೆಲದ ತೇವ ಕುಡಿದು ಕಲ್ಲಾಗಿತ್ತು. ಚೀಲದ ಕಾಗದ ಎಂದೋ ಕರಗಿಹೋಗಿತ್ತು. ಅದರ ನೆರಿಗೆಗಳು, ಬಾಯಿ ಕಟ್ಟಿದ ಗಂಟು ಮಾತ್ರ ಸಿಮೆಂಟಿನಲ್ಲಿ ಅಚ್ಚೊತ್ತಿದ್ದವು.

ಬಾರ್ಟ್ಲಿ ಪೆಟ್ಟಿಗೆಯ ತಲೆಯ ಕಡೆ ಕೆದಕಿದ, ಕಾಲಿನ ಕಡೆ ಕೆದಕಿದ. ಅಂಗಿಯ ಒಂದು ಗುಂಡಿಯಿಲ್ಲ, ಬೆಲ್ಟಿನ ಬಕಲ್ ಇಲ್ಲ, ಹಲ್ಲಿಲ್ಲ.

"ಕೋಲ್ಮನ್ ಎಲ್ಲೋ?" ಎಂದ, ಪಿಸುಗುಟ್ಟಿದಂತೆ.

ಫೆಸ್ಟಿ ಸಿಮೆಂಟಿನ ಮೇಲೆ ಕೈಯಿಟ್ಟ. ಈ ಪೆಟ್ಟಿಗೆಗೆ ತಾನು ಹೆಗಲು ಕೊಟ್ಟಿದ್ದ. ಎಷ್ಟು ಭಾರ ಮಾರಾಯ, ಇಂಗ್ಲೆಂಡಿನ ಊಟ ಚೆನ್ನಾಗೇ ಹತ್ತಿತ್ತು ಇವನಿಗೆ ಎಂದು ಅಂದು ಯಾರೋ ಮೆಲ್ಲಗೆ ಅಂದಿದ್ದರು. ಫೆಸ್ಟಿ ಗುಂಡಿಯಿಂದ ಹತ್ತಿ ಬಂದು, ಸಲಿಕೆಯನ್ನು ಅಲ್ಲೇ ಬಿಟ್ಟು, ಇಳಿಜಾರಿನಲ್ಲಿ ಚರ್ಚಿನ ಕಡೆ ನಡೆದ.

*

ಚರ್ಚಿನಲ್ಲಿ ಡೀಲಿಯಾಳ ಅಂತ್ಯಪೂಜೆ ಶುರುವಾಗಿತ್ತು. ಮಾಲಾಕಿ ಹೊರಗೆ ತನ್ನ ಕರಿಗಾಡಿಗೆ ಒರಗಿ ಸಿಗರೇಟು ಸೇದುತ್ತಿದ್ದ. ಫೆಸ್ಟಿಯ ಕೈ, ಮೊಣಕಾಲು ನೋಡಿದವನೇ ಸಿಗರೇಟನ್ನು ನೆಲಕ್ಕೆ ಹಾಕಿದ.

"ಆಳಕ್ಕೆ ಹೋಗ್ಬೇಡಿ ಅಂದಿದ್ದೆ."

"ನಾವು ಹೋಗ್ಲಿಲ್ಲ. ಗುಂಡಿ ಬದಿ ಕುಸೀತು."

ಮಾಲಾಕಿ ಚರ್ಚಿನ ಬಾಗಿಲ ಕಡೆ ಒಮ್ಮೆ ನೋಡಿ, ಗಾಡಿಯ ಮುಂದಿನ ಬಾಗಿಲು ತೆರೆದು, ಹತ್ತು ಅಂದ. ಇಬ್ಬರೂ ಗಾಜು ಏರಿಸಿ ಕುಳಿತರು. ಒಳಗಿನ ಹಾಡು ಗಾಜಿನಾಚೆ ಸಣ್ಣಗೆ ಕೇಳುತ್ತಿತ್ತು. ಈ ಊರಲ್ಲಿ ಇದನ್ನು ಬಲ್ಲವರು ನಾನು, ಡೀಲಿಯಾ ಇಬ್ಬರೇ ಇದ್ದೆವು, ಈಗ ನಾನೊಬ್ಬನೇ ಎಂದು ಮಾಲಾಕಿ ಶುರುಮಾಡಿದ.

*

ಕೋಲ್ಮನ್ ಇಂಗ್ಲೆಂಡಿಗೆ ಹೋದ ಎರಡನೆಯ ಚಳಿಗಾಲಕ್ಕೆ ಸುದ್ದಿ ನಿಂತುಹೋಯಿತು. ಅವನ ತಾಯಿ ಸಾಬಿನಾ ಅಜ್ಜಿ ಕಿಟಕಿಯ ಪಕ್ಕಕ್ಕೆ ಕುರ್ಚಿ ಹಾಕಿಸಿಕೊಂಡು ದಾರಿ ನೋಡುತ್ತ ಕೂತಳು. ಊಟ ಬಿಟ್ಟಳು. ಪುಟ್ಟ ಮಗಳು ಅಸುಂತಾಳನ್ನು ಅವಳ ಹತ್ತಿರ ಬಿಟ್ಟು ಡೀಲಿಯಾ ಒಬ್ಬಳೇ ಹಡಗು ಹತ್ತಿದಳು. ಊರು ಬಿಟ್ಟು ಹೊರಗೆ ಹೋದದ್ದು ಅದೇ ಮೊದಲು, ಅದೇ ಕೊನೆ.

ಬರ್ಮಿಂಗ್‌ಹ್ಯಾಮ್‌ನಲ್ಲಿ ಅವನ ಮನೆ ಸಿಕ್ಕಿತು. ಬಾಗಿಲು ತೆಗೆದವಳು ಬೇರೊಬ್ಬಳು, ಕಂಕುಳಲ್ಲಿ ಕೂಸು. ಕೋಲ್ಮನ್ ಡೀಲಿಯಾಳನ್ನು ಬೀದಿಯ ತುದಿಯವರೆಗೆ ಕರೆದುಕೊಂಡು ಹೋಗಿ, ತಾನು ಬರುವುದಿಲ್ಲ, ಸತ್ತೆ ಅಂತ ಹೇಳಿಬಿಡು ಅಂದ.

"ಅದಕ್ಕೆ ಅವಳು ಏನಂದ್ಲಂತೆ ಗೊತ್ತಾ?" ಮಾಲಾಕಿ ಸ್ಟೀರಿಂಗನ್ನೇ ನೋಡುತ್ತ ಹೇಳಿದ. "ಬರೀ ಹೇಳಿದ್ರೆ ನಿಮ್ಮವ್ವ ನಂಬಲ್ಲ, ದಾರಿ ನೋಡ್ತಾನೇ ಇರ್ತಾಳೆ. ಅಳೋದಕ್ಕೆ ಒಂದು ಗೋರಿ ಕೊಡು ಅಂದ್ಲಂತೆ. ಅವನೇ ಪೆಟ್ಟಿಗೆ ತಂದು, ಅವನ ಕೈಯಾರೆ ಚೀಲ ಇಟ್ಟು, ಮೊಳೆ ಹೊಡೆದ. ಅವಳು ಪಕ್ಕದಲ್ಲೇ ನಿಂತಿದ್ಲು."

ಹಡಗಿನಿಂದ ಇಳಿದ ಪೆಟ್ಟಿಗೆಯನ್ನು ತರಲು ಹೋದ ಮಾಲಾಕಿ, ಎತ್ತುವಾಗಲೇ ಏನೋ ಸರಿಯಿಲ್ಲವೆಂದು ಕಂಡುಕೊಂಡಿದ್ದ. ದಾರಿಯಲ್ಲಿ ಕೇಳಿದ. ಅವಳು ಅಳದೆ ಎಲ್ಲವನ್ನೂ ಹೇಳಿದಳು. ಕಾಗದಪತ್ರ ನೋಡಿದೆ, ಸುರಂಗದಲ್ಲಿ ಜಜ್ಜಿಹೋದ ಹೆಣ, ಪೆಟ್ಟಿಗೆ ತೆರೆಯುವ ಹಾಗಿಲ್ಲ ಎಂದು ಮಾಲಾಕಿ ಪಾದ್ರಿಗಳಿಗೆ ಮಾತು ಕೊಟ್ಟ. ಅಜ್ಜಿ ಪೆಟ್ಟಿಗೆಯ ಮೇಲೆ ಬಿದ್ದು ಅತ್ತಳು. ಆಮೇಲೆ ಕುರ್ಚಿಯನ್ನು ಕಿಟಕಿಯಿಂದ ಒಲೆಯ ಹತ್ತಿರಕ್ಕೆ ಹಾಕಿಸಿಕೊಂಡಳು. ಆರು ವರ್ಷ ನೆಮ್ಮದಿಯಿಂದ ಬದುಕಿದಳು.

*

"ಅವನು ಬದುಕಿದ್ದಾನಾ?" ಫೆಸ್ಟಿ ಕೇಳಿದ.

"ಯಾರಿಗೆ ಗೊತ್ತು. ಅವಳಿಗೂ ಗೊತ್ತಿರ್ಲಿಲ್ಲ." ಮಾಲಾಕಿ ಗಾಜಿನ ಹಬೆಯನ್ನು ತೋಳಿನಿಂದ ಒರೆಸಿದ. "ಒಂದು ಸಲ ನನ್ನ ಹತ್ರ ಬಂದಿದ್ಲು. ಕೋಲ್ಮನ್ ಸತ್ತಿದ್ರೆ ಗೊತ್ತು ಮಾಡೋಕೆ ಏನಾದ್ರೂ ದಾರಿ ಇದ್ಯಾ ಅಂತ ಕೇಳಿದ್ಲು. ಯಾಕೆ ಅಂದೆ. ನೆಲ ನೋಡ್ಕೊಂಡು ನಿಂತ್ಲು. ನಾನು ಅಲ್ಲಿ ಇಲ್ಲಿ ವಿಚಾರಿಸಿದೆ, ಆ ಮನೇಲಿ ಬೇರೆ ಯಾರೋ ಇದ್ರು. ಏನೂ ಗೊತ್ತಾಗ್ಲಿಲ್ಲ."

"ಯಾವಾಗ ಅದು?"

"ಅಜ್ಜಿ ತೀರಿಕೊಂಡ ಮಾರನೇ ವರ್ಷ. ಜೌಗಲ್ಲಿ ಒಲೆ ಮಣ್ಣು ಕಡಿಯೋ ಕಾಲ."

ಫೆಸ್ಟಿ ಬಾಗಿಲ ಹಿಡಿಯನ್ನು ಹುಡುಕಿದ. ಸಿಗಲಿಲ್ಲ. ಮಾಲಾಕಿಯೇ ಬಗ್ಗಿ ತೆರೆದುಕೊಟ್ಟ.

*

ಆ ಬೇಸಿಗೆ ಫೆಸ್ಟಿಯೂ ಡೀಲಿಯಾಳೂ ಜೌಗಿನಲ್ಲಿ, ಒಲೆಗೆ ಉರುವಲಾಗಿ ಹಾಕುವ ಮಣ್ಣಿನ ಹೆಂಟೆಗಳನ್ನು ಒಣಗಲು ಜೋಡಿಸುತ್ತಿದ್ದರು. ಗಾಳಿಯಿರಲಿಲ್ಲ. ಡೀಲಿಯಾ ತಲೆವಸ್ತ್ರ ಬಿಚ್ಚಿ ಕತ್ತು ಒರೆಸಿಕೊಳ್ಳುತ್ತಿದ್ದಳು. ಎಷ್ಟೋ ದಿನದಿಂದ ಮನಸ್ಸಿನಲ್ಲಿದ್ದ ಮಾತನ್ನು ಫೆಸ್ಟಿ ತಲೆಯೆತ್ತದೆ ಆಡಿದ. ನಡುವಿನ ಗೋಡೆ ಒಡೆದು ಒಂದೇ ಹೊಲ ಮಾಡಿಕೊಳ್ಳೋಣವಾ ಎಂದು ಕೇಳಿದ. ಅದರ ಅರ್ಥ ಅವಳಿಗಾಯಿತು.

ಅವಳ ಮುಖ ಮೊದಲು ಅರಳಿತು. ಅದನ್ನು ಅವನು ನೋಡಿದ್ದ, ಆಮೇಲೆ ಎಷ್ಟೋ ವರ್ಷ ತನಗೆ ಹಾಗೆ ಕಂಡಿತಷ್ಟೇ ಎಂದುಕೊಂಡಿದ್ದ. ಮರುಕ್ಷಣ ಅವಳು ಕೈಯಲ್ಲಿದ್ದ ಹೆಂಟೆಯನ್ನು ಕೆಳಗಿಟ್ಟಳು.

"ಸ್ವಲ್ಪ ದಿನ ಕೊಡು ಫೆಸ್ಟಿ," ಅಂದಳು.

ಮೂರು ವಾರ ಕಳೆದ ಮೇಲೆ ಗೋಡೆಯ ಹತ್ತಿರ ಬಂದು, ಆಗಲ್ಲ, ಯಾಕೆ ಅಂತ ಕೇಳಬೇಡ ಅಂದಳು. ಅವಳ ಕಣ್ಣು ಊದಿತ್ತು. ಅವನು ಕೇಳಲಿಲ್ಲ. ಮಾರನೆಯ ದಿನ ಎಂದಿನಂತೆ ಗೋಡೆಯ ಮೇಲೆ ಬಟ್ಟೆ ಸುತ್ತಿದ ಬಿಸಿ ಬ್ರೆಡ್ಡು ಇತ್ತು.

ಗಂಡ ಬದುಕಿರಬಹುದಾದವಳಿಗೆ ಚರ್ಚಿನಲ್ಲಿ ಇನ್ನೊಂದು ಮದುವೆಯಿಲ್ಲ ಎಂಬುದು ಆಗ ಹೊಳೆಯುವಂತಿರಲಿಲ್ಲ, ಸತ್ತ ಗಂಡನನ್ನು ಮರೆಯಲಾರಳು ಎಂದೇ ಫೆಸ್ಟಿ ತಿಳಿದ. ಪ್ರತಿ ಬೇಸಿಗೆ ಅವಳ ಪರವಾಗಿ ಈ ಗೋರಿಯ ಹುಲ್ಲು ಕೊಯ್ದ. ಕೊಯ್ಯುತ್ತ ಕೋಲ್ಮನ್‌ನ ಮೇಲೆ ಹೊಟ್ಟೆಕಿಚ್ಚು ಪಟ್ಟ. ಸತ್ತವನ ಮೇಲೆ ಹೀಗೆ ಉರಿಯಬಹುದೇ ಎಂದು ಪಾದ್ರಿಗಳ ಹತ್ತಿರ ಪಾಪನಿವೇದನೆಯನ್ನೂ ಮಾಡಿದ. ಊರವರೆಲ್ಲ ಸೇರಿ ಹಾಲ್ ಕಟ್ಟಿದಾಗ, ಚಹಾ ತಂದ ಡೀಲಿಯಾ ರಾಶಿ ಹಾಕಿದ್ದ ಸಿಮೆಂಟಿನ ಚೀಲಗಳನ್ನು ನೋಡಿ ನಗಲು ಶುರುಮಾಡಿ, ನಕ್ಕು ನಕ್ಕು ಕಣ್ಣೀರು ಸುರಿಸಿಕೊಂಡು ಮನೆಗೆ ಹೋಗಿದ್ದಳು. ವಿಧವೆ, ಪಾಪ, ಏನೋ ನೆನಪಾಯಿತು ಎಂದು ಎಲ್ಲರೂ ಅಂದರು. ಫೆಸ್ಟಿಯೂ ಅಂದಿದ್ದ.

*

ಬಾರ್ಟ್ಲಿ ಗುಂಡಿಯ ಅಂಚಿನಲ್ಲಿ ಕೂತಿದ್ದ. ಫೆಸ್ಟಿ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ. ಬಾರ್ಟ್ಲಿ ಬಾಟಲಿ ತೆರೆದು ಒಂದು ಗುಟುಕು ಕುಡಿದು, ಇನ್ನೊಂದನ್ನೂ ಕುಡಿದ.

"ಅಸುಂತಾಗೆ ಹೇಳ್ತೀಯಾ?"

"ನಿಮ್ಮಪ್ಪನಿಗೆ ಅಂತ ಇಷ್ಟು ವರ್ಷ ಹೂವಿಟ್ಟಿದ್ದು ಸಿಮೆಂಟಿಗೆ ಅಂತ ಹೇಳ್ಲಾ?"

ಇಬ್ಬರೂ ಸಲಿಕೆ ಹಿಡಿದರು. ಸಿಮೆಂಟು ಕಾಣದಷ್ಟು ಮಣ್ಣು ಎಳೆದು, ಫೆಸ್ಟಿ ಗುಂಡಿಗಿಳಿದು ಅದನ್ನು ತುಳಿದು ಸಮ ಮಾಡಿದ. ಆಮೇಲೆ ಮಂಡಿಯೂರಿ ಹರಳುಗಳನ್ನು ಕೈಯಿಂದ ಆರಿಸಿ ಹೊರಗೆಸೆದ. ಸಾಕು ಬಾರೋ, ಗಾಡಿ ಬಂತು ಎಂದು ಬಾರ್ಟ್ಲಿ ಎರಡು ಸಲ ಕರೆಯಬೇಕಾಯಿತು.

ಇಡೀ ಡ್ರಮ್‌ಲೀ ಬಂದಿತ್ತು. ಪಾದ್ರಿಗಳು, ಇಷ್ಟು ವರ್ಷ ಅಗಲಿದ್ದ ಗಂಡಹೆಂಡಿರು ಇವತ್ತು ಒಂದಾಗುತ್ತಿದ್ದಾರೆ ಎಂದರು. ಬಾರ್ಟ್ಲಿ ನೆಲ ನೋಡಿದ. ಪೆಟ್ಟಿಗೆ ಇಳಿಸುವ ಹಗ್ಗ ಫೆಸ್ಟಿಯ ಕೈಯಲ್ಲಿತ್ತು. ಎಷ್ಟು ಹಗುರ ಇವಳು ಎಂದು ಅವನಿಗೆ ದಿಗಿಲಾಯಿತು. ಪೆಟ್ಟಿಗೆ ನೆಲ ಮುಟ್ಟಿದ ಮೇಲೂ ಅವನು ಹಗ್ಗ ಬಿಡಲಿಲ್ಲ. ಎದುರಿಗಿದ್ದವನು ಮೆಲ್ಲಗೆ ಜಗ್ಗಿದ ಮೇಲೆ ಬಿಟ್ಟ.

ಪ್ರಾರ್ಥನೆ ಮುಗಿಯಿತು. ಗುಂಡಿ ತೋಡಿದವರು ಹಿಂದೆ ಸರಿದು ಗೋಡೆಯ ಪಕ್ಕ ನಿಲ್ಲುವುದು ರೂಢಿ. ಮನೆಯವರು ಸಾಲಾಗಿ ನಿಲ್ಲುತ್ತಾರೆ, ಊರು ಒಬ್ಬೊಬ್ಬರಾಗಿ ಬಂದು ಅವರ ಕೈ ಹಿಡಿಯುತ್ತದೆ. ಅಸುಂತಾ ನಿಂತಳು, ಅವಳ ಪಕ್ಕ ಅವಳ ಗಂಡ, ಮಕ್ಕಳು. ಬಾರ್ಟ್ಲಿ ಗೋಡೆಯ ಕಡೆ ಹೋದ. ಫೆಸ್ಟಿ ಹೋಗಲಿಲ್ಲ. ಗುಂಡಿಯನ್ನು ಬಳಸಿ ಬಂದು, ಅಸುಂತಾಳ ಇನ್ನೊಂದು ಪಕ್ಕಕ್ಕೆ, ಸಾಲಿನ ತಲೆಗೆ ನಿಂತ. ಅಲ್ಲಿ ನಿಲ್ಲುವುದು ಸತ್ತವಳ ಗಂಡ.

ಅಸುಂತಾ ಬೆಚ್ಚಿ ತಿರುಗಿ, "ಫೆಸ್ಟಿ ಮಾಮ?" ಎಂದಳು. ಅವನು ಅವಳ ಕಡೆ ನೋಡದೆ, ಟೋಪಿಯನ್ನು ಎಡಗೈಗೆ ಬದಲಿಸಿಕೊಂಡು, ಉಗುರಿನ ಸಂದಿಗೆಲ್ಲ ಮಣ್ಣು ಹಿಡಿದಿದ್ದ ಬಲಗೈಯನ್ನು ಮುಂದೆ ಚಾಚಿದ. ಪಾದ್ರಿಗಳು ಪುಸ್ತಕ ಮುಚ್ಚಿದವರು ಹಾಗೇ ನಿಂತರು.

ಎಲ್ಲರಿಗಿಂತ ಮುಂದಿದ್ದವಳು ಅಂಗಡಿಯ ಮಿಸೆಸ್ ಟಾರ್ಪಿ. ಆ ಕೈಯನ್ನು ನೋಡಿದಳು, ಅವನ ಮುಖ ನೋಡಿದಳು. ಗಲ್ಲ ನಡುಗದಂತೆ ಅವನು ಹಲ್ಲು ಕಚ್ಚಿಕೊಂಡಿದ್ದ. ಅವಳು ತನ್ನ ಬಲಗೈಯ ಕರಿ ಗ್ಲೌಸನ್ನು ಒಂದೊಂದೇ ಬೆರಳು ಎಳೆದು ಕಳಚಿ ಕಂಕುಳಲ್ಲಿ ಸಿಕ್ಕಿಸಿಕೊಂಡಳು.

"ನಿನಗೆ ಹೀಗಾಗಬಾರದಿತ್ತು, ಫೆಸ್ಟಿ," ಎಂದು ಅವನ ಕೈ ಹಿಡಿದುಕೊಂಡಳು.

ಅವಳ ಹಿಂದಿನವರು ಒಂದು ಹೆಜ್ಜೆ ಮುಂದೆ ಬಂದರು, ಅವರ ಹಿಂದಿನವರು ಗ್ಲೌಸು ತೆಗೆಯತೊಡಗಿದರು.