ಪ್ರತಿವಾದಿ ಲೋಕನಾಥ

“ಲೋಕನಾಥ್ ಕೌನ್ ಹೈ? ಉನ್‌ಕೋ ಹೀ ದೇನಾ ಹೈ,” ಎಂದು, ಅವರ ಕೈಗೇ ಕೊಡಬೇಕೆಂಬ ಹಟದಲ್ಲಿ ಕೊರಿಯರಿನವನು ಬಾಗಿಲಲ್ಲೇ ನಿಂತ.

ಲೋಲಾಕ್ಷಿ “ಘರ್ ಪೇ ನಹೀ ಹೈ,” ಎಂದಳು. ಮನೆಯಲ್ಲಿಲ್ಲ ಎಂಬುದೇನೂ ಸುಳ್ಳಲ್ಲ. ಗಂಡ ತೀರಿಕೊಂಡು ಐದು ವರ್ಷವಾಗುತ್ತ ಬಂದಿತ್ತು. ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದವನಿಗೆ ಅದನ್ನೆಲ್ಲ ಬಿಡಿಸಿ ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

ಕೊನೆಗೆ ಅವಳಿಂದಲೇ ಸಹಿ ಹಾಕಿಸಿಕೊಂಡು ಅವನು ಕೊಟ್ಟುಹೋದ ಲಕೋಟೆ ದಪ್ಪಗಿತ್ತು. ಒಳಗೆ ಇಂಗ್ಲಿಷಿನಲ್ಲಿ ಅರವತ್ತು ಪುಟ. ಡೊಂಬಿವಲಿಯ ಶಾಲೆಯೊಂದರ ಆಫೀಸಿನಲ್ಲಿ ಹದಿನೆಂಟು ವರ್ಷ ಗುಮಾಸ್ತಿಕೆ ಮಾಡಿದವಳಿಗೆ ಇಂಗ್ಲಿಷ್ ಕಾಗದವೇನೂ ಹುಲಿಯಲ್ಲ. ಆದರೂ ಕಣ್ಣು ಮೊದಲ ಪುಟದಲ್ಲೇ ನಿಂತಿತು. ಅರ್ಜಿದಾರರು, ಕಲ್ಯಾಣದ ಆಚೆಗಿನ ಒಂದು ನಗರ ಪರಿಷತ್ತು. ಪ್ರತಿವಾದಿ, ಲೋಕನಾಥ, ಡೊಂಬಿವಲಿ ಪೂರ್ವ. ಪರಿಷತ್ತಿನ ವೆಬ್‌ಸೈಟಿನ ಹೆಸರನ್ನು ಪ್ರತಿವಾದಿ ದುರುದ್ದೇಶದಿಂದ ಸ್ವಂತಕ್ಕೆ ನೋಂದಾಯಿಸಿಕೊಂಡಿದ್ದಾನೆ. ಬಿಟ್ಟುಕೊಡು ಎಂದು ಹನ್ನೊಂದು ಸಲ ಬರೆದರೆ ಹನ್ನೊಂದು ಸಲವೂ ನಿರಾಕರಿಸಿದ್ದಾನೆ. ಕೊನೆಯ ನಿರಾಕರಣೆಯ ತಾರೀಕನ್ನು ಅವಳು ಬೆರಳಿಟ್ಟು ಮತ್ತೆ ಓದಿದಳು. ಮಾರ್ಚ್ ಹನ್ನೆರಡು, 2013. ಅಂದರೆ ಹೋದ ತಿಂಗಳು.

ಭಾನುವಾರ ವಸಂತಕುಮಾರ ಬಂದ. ಕಾಪುವಿನ ಕಡೆಯವನು, ಕಲ್ಯಾಣದಲ್ಲಿ ವಕೀಲರೊಬ್ಬರ ಗುಮಾಸ್ತ, ಲೋಕನಾಥನ ಜೊತೆ ಹತ್ತು ವರ್ಷ ಲೋಕಲ್ ರೈಲಿನ ಒಂದೇ ಡಬ್ಬಿಯಲ್ಲಿ ನಿಂತು ಪ್ರಯಾಣ ಮಾಡಿದವನು.

“ಇದೆಂತದು ವಸಂತಣ್ಣ? ಸತ್ತವರು ಕಾಗದ ಬರೆಯುವುದುಂಟಾ?”

“ಸ್ವಲ್ಪ ನಿಲ್ಲಿ ಅಕ್ಕ, ಓದುವ,” ಎಂದು ಅವನು ಕನ್ನಡಕ ಏರಿಸಿದ. “ಇದಕ್ಕೆ ಕೋರ್ಟು ಗೀರ್ಟು ಇಲ್ಲ. ಮಧ್ಯಸ್ಥರು ಅಂತ ಒಬ್ಬರು ಇರ್ತಾರೆ, ಎಲ್ಲ ಕಾಗದದಲ್ಲೇ ಮುಗಿಯುದು. ಹದಿನೈದು ದಿನದೊಳಗೆ ನಾವು ಉತ್ತರ ಕೊಡ್ಬೇಕು. ಕೊಡದಿದ್ರೆ ಅವರು ಹೇಳಿದ್ದೇ ನಿಜ ಅಂತಾಗಿ ಆರ್ಡರು ಇಂಟರ್ನೆಟ್ಟಿಗೆ ಬೀಳ್ತದೆ. ಆಮೇಲೆ ಯಾರು ಲೋಕನಾಥಣ್ಣನ ಹೆಸರು ಹುಡುಕಿದ್ರೂ ಅದೊಂದೇ ಸಿಗುದು. ಕಳ್ಳ ಅಂತ.”

ಕಳ್ಳನಂತೆ! ಲೋಲಾಕ್ಷಿಗೆ ಮೈಯೆಲ್ಲ ಉರಿಯಿತು. 2004ರಲ್ಲಿ ಎಲ್ಲ ಪರಿಷತ್ತುಗಳೂ ಸೈಟು ಮಾಡಬೇಕೆಂದು ಮೇಲಿನಿಂದ ಹುಕುಂ ಬಂದಾಗ ಆ ಆಫೀಸಿನಲ್ಲಿ ಇಲಿ ಹಿಡಿಯುವ ಬೋನು ತರಿಸುವುದಕ್ಕೂ ಮೂರು ಸಹಿ ಬೇಕಿತ್ತು. ಇಂಟರ್ನೆಟ್ಟಿನಲ್ಲಿ ದುಡ್ಡು ಕಟ್ಟಲು ಕಾರ್ಡು ಎಲ್ಲಿಂದ ಬರಬೇಕು? ಗುತ್ತಿಗೆಯ ಕಂಪ್ಯೂಟರ್ ಆಪರೇಟರ್ ಲೋಕನಾಥ ತನ್ನದೇ ಕಾರ್ಡಿನಿಂದ ಕಟ್ಟಿದ. ಮಾಲೀಕನ ಹೆಸರು ಕೇಳುವ ಜಾಗದಲ್ಲಿ ಸಾಹೇಬರ ಹೆಸರು ಹಾಕೋಣವೆಂದರೆ ಸಾಹೇಬರು ಎಂಟು ತಿಂಗಳಿಗೊಬ್ಬರು ಬದಲಾಗುತ್ತಿದ್ದರು. ಹಾಗಾಗಿ ತನ್ನ ಹೆಸರು, ಮನೆಯ ವಿಳಾಸ. ವರ್ಷ ವರ್ಷವೂ ಫೈಲು ಎಳೆಯುವವರಾರೆಂದು ಹತ್ತು ವರ್ಷದ್ದನ್ನು ಒಟ್ಟಿಗೇ ಕಟ್ಟಿಬಿಟ್ಟ. ಉಪಕಾರ ಮಾಡಲು ಹೋಗಿ ಕೈ ಸುಟ್ಟುಕೊಳ್ಳುವುದು ಆ ಮನುಷ್ಯನ ಹುಟ್ಟುಗುಣ. ಸತ್ತ ಮೇಲೂ ಅದು ಬಿಡಲಿಲ್ಲ.

“ಅಕ್ಕ, ಇಲ್ಲಿ ನೋಡಿ,” ಎಂದ ವಸಂತಕುಮಾರನ ದನಿ ಇಳಿದಿತ್ತು. ಹನ್ನೊಂದು ಉತ್ತರಗಳನ್ನೂ ಅರ್ಜಿಯ ಕೊನೆಗೆ ಲಗತ್ತಿಸಿದ್ದರು. ಹನ್ನೊಂದೂ ಒಂದೇ. ನಾನು ರಜೆಯಲ್ಲಿದ್ದೇನೆ. ಸೋಮವಾರ ಬಂದು ನೋಡುತ್ತೇನೆ. ಅಲ್ಲಿಯವರೆಗೆ ಸೈಟಿಗೆ ಯಾರೂ ಕೈ ಹಾಕಬೇಡಿ. ಲೋಕನಾಥ.

ಅವಳಿಗೆ ನೆನಪಾಯಿತು. ಹರ್ನಿಯಾ ಆಪರೇಷನ್ನಿಗೆ ಆಸ್ಪತ್ರೆ ಸೇರುವ ಹಿಂದಿನ ಶುಕ್ರವಾರ ಅವನು, “ಮೇಲ್ ಬಂದ್ರೆ ಮೆಷಿನ್ನೇ ಉತ್ತರ ಕೊಡುವ ಹಾಗೆ ಇಟ್ಟಿದ್ದೇನೆ,” ಎಂದಿದ್ದ. ಸಣ್ಣ ಆಪರೇಷನ್ನು, ಎರಡು ದಿನದ ಮಾತು. ಸೋಮವಾರ ಅವಳು ಮನೆಗೆ ತಂದದ್ದು ಹೆಣ. ಮೆಷಿನ್ನಿಗೆ ಅದನ್ನು ಯಾರು ಹೇಳಬೇಕು?

“ಅಣ್ಣನ ಮೇಲ್ ವಿಳಾಸ ಆ ಸೈಟಿನದ್ದೇ ಅಲ್ವಾ? ಇನ್ನೂ ಬದುಕಿ ಉಂಟು, ಅಷ್ಟೇ,” ಎಂದ ವಸಂತಕುಮಾರ. “ಆ ಆಫೀಸಿನಲ್ಲಿ ಈಗ ಹಳಬರು ಯಾರೂ ಇಲ್ಲ, ಅವರ ಥಾಣೆಯ ವಕೀಲ ‘ಕೈ ಹಾಕಬೇಡಿ’ ಅಂದದ್ದನ್ನು ಓದಿ ನಿರಾಕರಣೆ ಅಂತ ಬರೆದ. ಸುಲಭ ಅಕ್ಕ. ಮರಣಪತ್ರ ಇಡುವ, ಸೈಟು ತಕೊಳ್ಳಿ ಅಂತ ಹೇಳುವ. ಲೋಕನಾಥಣ್ಣನ ಹೆಸರೂ ಉಳೀತದೆ. ಮೇಲ್ ಮಾತ್ರ ಹೋಗ್ತದೆ. ಅದನ್ನು ಇಟ್ಟುಕೊಂಡು ನಮಗೆಂತ?”

ಮರುದಿನ ಶಾಲೆಯಲ್ಲಿ ಊಟದ ಬಿಡುವಿಗೆ ಎಲ್ಲರೂ ಹೊರಗೆ ಹೋದಾಗ ಲೋಲಾಕ್ಷಿ ಆ ವಿಳಾಸಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ‘ಊಟ ಆಯ್ತಾ’ ಎಂದು ಬರೆದು ಕಳಿಸಿದಳು. ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಉತ್ತರ ಬಂತು. ನಾನು ರಜೆಯಲ್ಲಿದ್ದೇನೆ. ಸೋಮವಾರ ಬಂದು ನೋಡುತ್ತೇನೆ.

ಯಂತ್ರ ಎಂದು ಗೊತ್ತಿತ್ತು. ಗೊತ್ತಿದ್ದೂ ಅವಳು ಹಿಂದೆ ತಿರುಗಿ ನೋಡಿದಳು. ಫ್ಯಾನು ತಿರುಗುತ್ತಿತ್ತು, ಆಫೀಸು ಖಾಲಿಯಿತ್ತು.

ಮಂಗಳವಾರವೂ ಬರೆದಳು. ಬುಧವಾರ ಬರೆಯಬಾರದೆಂದುಕೊಂಡು ಬರೆದಳು. ಬಚ್ಚಲಿನ ನಲ್ಲಿ ಸೋರುತ್ತಿದೆ ಎಂದರೆ ಸೋಮವಾರ ಬಂದು ನೋಡುತ್ತೇನೆ. ನಿಮ್ಮ ತಂಗಿ ಪ್ರಫುಲ್ಲಾ ಮಾತು ಬಿಟ್ಟಿದ್ದಾಳೆ ಎಂದರೆ ಸೋಮವಾರ ಬಂದು ನೋಡುತ್ತೇನೆ. ಬದುಕಿದ್ದಾಗಲೂ ಅವನು ಕೊಡುತ್ತಿದ್ದ ಉತ್ತರ ಇಷ್ಟೇ ತಾನೆ? ಯಂತ್ರ ಅವನಂತೆ ಮಾತಾಡುತ್ತಿದೆಯೋ, ಅವನೇ ಯಂತ್ರದಂತೆ ಮಾತಾಡುತ್ತಿದ್ದನೋ, ಬೇರೆ ಮಾಡಿ ನೋಡಲು ಅವಳಿಂದ ಆಗಲಿಲ್ಲ. ಆದರೂ ಐದು ವರ್ಷದಲ್ಲಿ ಅಷ್ಟು ಸುಖದಿಂದ ಅವಳು ಮಧ್ಯಾಹ್ನದ ಊಟ ಮಾಡಿರಲಿಲ್ಲ.

ಮುಂದಿನ ಸೋಮವಾರ ಶಾಲೆಗೆ ಹೊರಟವಳು ಮೂರನೆಯ ಮಹಡಿಯವರೆಗೆ ಇಳಿದು ತಟ್ಟನೆ ನಿಂತಳು. ಕೀಲಿಕೈ ಮನೆಯೊಳಗೇ ಮೊಳೆಯಲ್ಲಿ ತೂಗುತ್ತಿತ್ತು. ಬಾಗಿಲನ್ನು ಬರೀ ಎಳೆದುಕೊಂಡು ಬಂದಿದ್ದಳು, ಮನೆಯಲ್ಲಿ ಯಾರೋ ಇದ್ದಾರೆ ಅಥವಾ ಬರುವವರಿದ್ದಾರೆ ಎಂಬಂತೆ. ಮರೆತದ್ದಲ್ಲ ಎಂದು ಅವಳಿಗೇ ಗೊತ್ತಿತ್ತು. ಹಿಂದಕ್ಕೆ ಹತ್ತಿ ಬೀಗ ಹಾಕಿ ಎಳೆದು ನೋಡಿದಳು. ಆ ದಿನ ಅವಳು ಬರೆಯಲಿಲ್ಲ. ಮಂಗಳವಾರ ಮತ್ತೆ ಶುರು.

ಶುಕ್ರವಾರ ಬೆಳಿಗ್ಗೆ ವಸಂತಕುಮಾರ ಫೋನು ಮಾಡಿದ. “ನಾಳೆ ಕೊನೇ ದಿನ ಅಕ್ಕ. ಉತ್ತರ ಟೈಪ್ ಮಾಡಿ ನಿಮಗೆ ಕಳಿಸಿ ನಾಲ್ಕು ದಿನ ಆಯ್ತು. ನೀವು ಅವರ ಹೆಂಡತಿ, ನಿಮ್ಮ ಕಡೆಯಿಂದಲೇ ಹೋಗ್ಬೇಕು. ಎಂತ ಯೋಚನೆ ಮಾಡ್ತಿದ್ದೀರಿ?”

“ಇವತ್ತು ಕಳಿಸ್ತೇನೆ,” ಎಂದಳು ಲೋಲಾಕ್ಷಿ.

ಕಳಿಸಿದರೆ ಅವನ ಹೆಸರು ಉಳಿಯುತ್ತದೆ, ಮಾತು ನಿಲ್ಲುತ್ತದೆ. ಕಳಿಸದಿದ್ದರೆ ಅವನು ಕಳ್ಳನಾಗಿ ಇನ್ನಷ್ಟು ದಿನ ಮಾತಾಡಿಯಾನು. ಹೆಂಡತಿಯಾದವಳಿಗೆ ಇದೇನು ಯೋಚಿಸುವ ವಿಷಯವೇ ಎಂದು ತನ್ನನ್ನೇ ಬೈದುಕೊಂಡಳು. ಊಟದ ಬಿಡುವಿಗೆ ಕೂತು ಎರಡೇ ಪದ ಬರೆದಳು: ‘ಕೊಟ್ಟು ಬಿಡ್ಲಾ?’

ಉತ್ತರ ಬರಲಿಲ್ಲ. ಡಬ್ಬಿ ತೆರೆದಳು, ಬರಲಿಲ್ಲ. ಊಟ ಮುಗಿಸಿ ಕೈ ತೊಳೆದು ಬಂದಳು, ಬರಲಿಲ್ಲ. ಗಂಟೆ ಹೊಡೆಯಿತು, ಹುಡುಗಿಯರು ಗಲಾಟೆ ಮಾಡುತ್ತ ತರಗತಿಗೆ ಹೋದರು. ಪರದೆ ಹಾಗೇ ಇತ್ತು. ಮಾತಿಗೆ ಮಾತು ಕೊಡುತ್ತಿದ್ದ ಯಂತ್ರ ಆ ಒಂದು ಸಲ ಏಕೆ ಬಾಯಿ ಮುಚ್ಚಿತೋ, ದೇವರಿಗೇ ಗೊತ್ತು. ಮೂರೂವರೆಗೆ ಅವಳು ಮರಣಪತ್ರ ಜೋಡಿಸಿ ಮಧ್ಯಸ್ಥರಿಗೆ ಉತ್ತರ ಕಳಿಸಿದಳು.

ಆರ್ಡರು ಬಂದದ್ದು ಜೂನಿನಲ್ಲಿ. ಪ್ರತಿವಾದಿ ಮೃತರು, ಅವರಲ್ಲಿ ಯಾವ ದುರುದ್ದೇಶವೂ ಇರಲಿಲ್ಲ, ಸೈಟು ಪರಿಷತ್ತಿಗೆ ಸೇರತಕ್ಕದ್ದು. ಲೋಲಾಕ್ಷಿ ಅದನ್ನು ಎರಡು ಸಲ ಓದಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅದಾಗಿ ವಾರಕ್ಕೆ ಪರಿಷತ್ತಿನಿಂದ ವಿಕಾಸ್ ಎಂಬ ಹೊಸ ಕಂಪ್ಯೂಟರಿನವನು ಶಾಲೆಗೇ ಫೋನು ಮಾಡಿದ. ಅರ್ಧ ಮರಾಠಿ, ಅರ್ಧ ಹಿಂದಿ, ಮರ್ಯಾದಸ್ಥ ಹುಡುಗ. ಹಳೆಯ ಮೇಲ್‌ಗಳನ್ನು ಅಳಿಸಬೇಕಾಗಿದೆ, ನಿಮ್ಮ ವಿಳಾಸದಿಂದ ಬಂದವು ಒಂಬತ್ತು ಇವೆ, ಮನೆಯವೇನೋ ಎಂದು ಕೇಳುತ್ತಿದ್ದೇನೆ ಎಂದ.

“ಆಠ್ ತರ್ ಉಘಡಲೇಲೇಚ್ ನಾಹೀತ್,” ಎಂದ. ಎಂಟನ್ನು ಯಾರೂ ತೆರೆದೇ ಇರಲಿಲ್ಲ. “ಏಕ್ ಮಾತ್ರ ವಾಚಲಾಯ್.” ಒಂದನ್ನು ಮಾತ್ರ ಓದಲಾಗಿತ್ತು.

“ನೀವು ತೆರೆದಿರಬೇಕು,” ಎಂದಳು ಲೋಲಾಕ್ಷಿ ಹಿಂದಿಯಲ್ಲಿ.

“ನಹೀ ಮ್ಯಾಡಮ್. ಪಾಸ್‌ವರ್ಡ್ ತೋ ಆಜ್ ಹೀ ಮಿಲಾ.” ಪಾಸ್‌ವರ್ಡು ಅವನ ಕೈಗೆ ಬಂದದ್ದೇ ಆ ದಿನ. ಅವನಿಗೆ ಕನ್ನಡ ಬಾರದು. ತೆರೆದಿದ್ದ ಆ ಒಂದನ್ನು ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಿದ: “ಕೊಟ್ಟು… ಬಿಡ್ಲಾ. ಮ್ಹಣಜೇ ಕಾಯ್?” ಹಾಗೆಂದರೇನು ಎಂದು ಅವನ ಪ್ರಶ್ನೆ.

ಲೋಲಾಕ್ಷಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಪಕ್ಕದ ಮೇಜಿನ ಜಯಲತಾ ಏನಾಯಿತೆಂದು ಕಣ್ಣಲ್ಲೇ ಕೇಳಿದಳು.

“ಮನೆಯ ಮಾತು,” ಎಂದಳು ಲೋಲಾಕ್ಷಿ ಫೋನಿನವನಿಗೆ. “ಎಲ್ಲ ಅಳಿಸಿಬಿಡಿ. ಅದನ್ನು ಓದಿ ಆಗಿದೆಯಲ್ಲ.”

ಆ ಕಡೆ ಗುಂಡಿ ಒತ್ತುವ ಸದ್ದು ಒಂದೊಂದಾಗಿ ಕೇಳಿಸಿತು. ಎಂಟು ಬೇಗ ಬೇಗ ಆದವು. ಒಂಬತ್ತನೆಯದಕ್ಕಾಗಿ ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾಯುತ್ತ ಕುಳಿತಳು.