ಶ್ರೀನಿವಾಸಪ್ಪನವರ ಒಂದನೇ ನಂಬರು

ಬೆಳಗಿನಿಂದ ವೆಂಕಟರತ್ನಮ್ಮ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದಳು. ತೊಂಬತ್ತೆಂಟರ ಮಾತು ಇದು. ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ, ಮೆಡಿಕಲ್ ಸ್ಟೋರಿನ ಮಹಡಿ ಮೇಲೆ ಶ್ರೀನಿವಾಸಪ್ಪನವರ ಕಂಪ್ಯೂಟರ್ ಸೆಂಟರು. ಕಿಟಕಿಗೆ ಹೋಗಿ ಕೆಳಗೆ ಯಾರು ಬಂದರು ಅಂತ ನೋಡುವುದು, ವಾಪಸ್ ಬಂದು ಕೇಬಲ್ಲು ಒತ್ತುವುದು. ಬಿಗಿಯಾಗಿದ್ದ ಕೇಬಲ್ಲನ್ನೇ ಇನ್ನೆಷ್ಟು ಸಲ ಒತ್ತುತ್ತಾಳೋ. ಇದೇ ಸೆಂಟರಿನಲ್ಲಿ ಕಲಿತು, ಆಮೇಲೆ ಇಲ್ಲೇ ಧೂಳು ಒರೆಸಿಕೊಂಡು, ಕೆಟ್ಟದ್ದು ಸರಿ ಮಾಡಿಕೊಂಡು ಇದ್ದವಳು ಇವತ್ತು ಮೊದಲ ಸಲ ಪಾಠ ಮಾಡಬೇಕಿತ್ತು. ಚೆನ್ನಾಗಿ ಮಾಡಿದರೆ ನೆಟ್‌ವರ್ಕಿಂಗ್ ಬ್ಯಾಚು ಅವಳದು. ಇಲ್ಲದಿದ್ದರೆ, ಬೆಂಗಳೂರಿನಿಂದ ಟ್ರೈನಿನಲ್ಲಿ ಬಂದು ಹೋಗುವ ಒಬ್ಬ ಮೇಷ್ಟ್ರನ್ನು ಯಜಮಾನರು ಶ್ರೀನಿವಾಸಪ್ಪನವರು ಆಗಲೇ ಗೊತ್ತುಮಾಡಿ ಇಟ್ಟಿದ್ದರು.

ಪಾಠದ ಭಯವಲ್ಲ ಅವಳದು. ಪಾಠ ಅವಳಿಗೆ ನೀರು ಕುಡಿದಷ್ಟು ಸಲೀಸು. ಭಯವೆಲ್ಲ ತಾನೇ ಮಾಡಿಟ್ಟಿದ್ದ ಒಂದು ಕಿತಾಪತಿಯದು.

ಆ ಕೋಣೆಯ ಗೋಡೆಗುಂಟ ಇದ್ದ ಮೆಷೀನುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿತ್ತು. ಒಂದು ಇನ್ನೊಂದರ ಜೊತೆ ಮಾತಾಡಬೇಕಾದರೆ ಪ್ರತಿಯೊಂದಕ್ಕೂ ಒಂದು ಐಪಿ ಅಡ್ರೆಸ್ ಇರಬೇಕು. ಅಂದರೆ ನಡುವೆ ಚುಕ್ಕಿ ಇಟ್ಟು ಬರೆದ ನಾಲ್ಕು ಸಂಖ್ಯೆ. ಯಾವುದೂ ಇನ್ನೂರ ಐವತ್ತೈದು ದಾಟುವಂತಿಲ್ಲ. ಈ ಕೋಣೆಯಲ್ಲಿ ಮೊದಲ ಮೂರು ಎಲ್ಲಕ್ಕೂ ಒಂದೇ, 192.168.1 ಅಂತ. ಕೊನೆಯದು ಮಾತ್ರ ಒಂದೊಂದಕ್ಕೆ ಒಂದೊಂದು. ಪಾಠದ ಫೈಲುಗಳೆಲ್ಲ ಇದ್ದ ಮೂಲೆ ಮೆಷೀನಿಗೆ ರತ್ನಮ್ಮ ಕೊನೆಯಲ್ಲಿ ಒಂದು ಅಂತ ಕೊಟ್ಟಿದ್ದಳು, ಉಳಿದವಕ್ಕೆ ಎರಡು, ಮೂರು ಅಂತ. ಅಷ್ಟರಲ್ಲಿ ಯಜಮಾನರಿಗೆ ಹೊಸ ಮೆಷೀನು ಬಂತು. "ನಂದಕ್ಕೆ ಒಂದೇ ಇರಬೇಕಮ್ಮ" ಅಂದರು. ಆ ಮನುಷ್ಯ ಕೆಜಿಎಫ್ ಗಣಿಯಲ್ಲಿ ಆಯುಸ್ಸೆಲ್ಲ ಹೆಸರಿನ ಬದಲು ಉದ್ದನೆಯ ಟೋಕನ್ ನಂಬರಿನಿಂದ ಕೂಗಿಸಿಕೊಂಡು ದುಡಿದವರು. ಸ್ವಂತದ್ದು ಅಂತ ಒಂದು ಸೆಂಟರು ತೆರೆದ ಮೇಲಾದರೂ ತಾನು ಒಂದನೆಯವನಾಗಬೇಡವೇ? ಆಸೆ ತಪ್ಪಲ್ಲ ಬಿಡಿ.

ಉಳಿದ ಮೆಷೀನುಗಳೆಲ್ಲ ಫೈಲಿಗೆ ಹೋಗುತ್ತಿದ್ದದ್ದು ಮೂಲೆಯ ಆ ಒಂದಕ್ಕೇ, ಅದನ್ನೇ ಇನ್ನೊಂದಕ್ಕೂ ಕೊಡುವಂತಿಲ್ಲ; ಆಗಲ್ಲ ಅನ್ನಬೇಕಿತ್ತು ಇವಳು. ಬಾಯಿಗೆ ಬೀಗ ಬಿತ್ತು. ಆಗ ನೆನಪಾದದ್ದು ಕ್ಯಾಸಂಬಳ್ಳಿಯ ಮನೆ. ಅವಳ ಅಪ್ಪ ಬಚ್ಚಪ್ಪ, ಚಿಕ್ಕಪ್ಪ ಕೋದಂಡಪ್ಪ ಭಾಗವಾಗಿ ಎಷ್ಟೋ ಕಾಲವಾಗಿತ್ತು. ಹೊಲ ಹಂಚಿಕೊಂಡರು, ಹಸು ಹಂಚಿಕೊಂಡರು. ಹಾಲಿನ ಡೇರಿಯಲ್ಲಿ ತಾತನ ಹೆಸರಿಗಿದ್ದ ನಂಬರು ಬಿಡಲು ಮಾತ್ರ ಇಬ್ಬರೂ ಸುತಾರಾಂ ಒಪ್ಪಲಿಲ್ಲ. ಕೊನೆಗೆ ಬೆಳಿಗ್ಗೆ ಆ ನಂಬರಿಗೆ ಅಪ್ಪ ಹಾಲು ಹಾಕುವುದು, ಸಂಜೆ ಅದೇ ನಂಬರಿಗೆ ಚಿಕ್ಕಪ್ಪ ಹಾಕುವುದು ಅಂತಾಯಿತು. ಇವತ್ತಿಗೂ ಜಗಳವಿಲ್ಲ. ಯಜಮಾನರು ಬರುವುದೂ ಸಂಜೆ ಹೊತ್ತೇ ತಾನೇ? ಅಷ್ಟರೊಳಗೆ ಮೂಲೆ ಮೆಷೀನು ಆಫ್ ಮಾಡಿಬಿಟ್ಟರಾಯಿತು ಅಂದುಕೊಂಡು ಎರಡಕ್ಕೂ ಅದೇ ಅಡ್ರೆಸ್ ಕೊಟ್ಟು ಕೂತಳು. ಎಂಥಾ ಜಾಣೆ ನೋಡಿ!

ಅದೂ ನಡೆದುಕೊಂಡು ಬಂದಿತ್ತು. ಇವತ್ತು ಮಾತ್ರ ಬ್ಯಾಚಿನ ಮಕ್ಕಳು ಬಂದು ಬೆಂಚಿನ ಮೇಲೆ ಕೂತರೋ ಇಲ್ಲವೋ, ಹಿಂದೆಯೇ ಮೆಟ್ಟಿಲ ಮೇಲೆ ಯಜಮಾನರ ಚಪ್ಪಲಿ ಸದ್ದು ಕೇಳಿತು.

"ನಿನ್ನ ಪಾಠ ನೋಡಾಣ ಅಂತ ಬಂದೆ ಕಣಮ್ಮ" ಅಂದವರೇ ತಮ್ಮ ಮೆಷೀನಿನ ಮುಂದೆ ಕೂತು ಗುಂಡಿ ಒತ್ತಿದರು.

ರತ್ನಮ್ಮ ಓಡಿ ಬಂದಳು. "ಈಗ ಅದ್ಯಾಕೆ ಸಾ? ಸಾಯಂಕಾಲ ಆಕ್ಕೊಳ್ಳಿ."

"ಯಾಕೆ, ನನ್ನ ಮೆಷೀನು ನಾನು ಆಕಬಾರದಾ?"

ಮೆಷೀನು ಎದ್ದು ಕೂರುವಷ್ಟು ಹೊತ್ತೂ ಅವಳು ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಳು. ಕೊನೆಗೆ ಅವರ ಪರದೆ ಮೇಲೆ ಎಚ್ಚರಿಕೆ ಬಂತು: ಈ ಅಡ್ರೆಸ್ ಆಗಲೇ ಇನ್ನೊಂದು ಮೆಷೀನಿನ ಹತ್ತಿರ ಇದೆ, ನಿಮ್ಮದನ್ನು ನೆಟ್‌ವರ್ಕಿನಿಂದ ಹೊರಗಿಡಲಾಗಿದೆ. ಮೂಲೆ ಮೆಷೀನೂ ತನ್ನ ಅಡ್ರೆಸ್ಸಿಗೆ ಇನ್ಯಾರೋ ಬಂದರು ಅಂತ ದೂರು ಹೇಳಿತು. ಶ್ರೀನಿವಾಸಪ್ಪನವರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು.

"ಇದೇನಮ್ಮ? ಇನ್ನೊಂದು ಒಂದು ಎಲ್ಲಿಂದ ಬಂತು?"

ಸುಳ್ಳು ಹೇಳಬಹುದಿತ್ತು. ವೈರು ಸರಿಯಿಲ್ಲ ಸಾ ಅಂದಿದ್ದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ನಾಲಿಗೆ ತುದಿಗೂ ಬಂದಿತ್ತು. ಮುಂದಿನ ಬೆಂಚಿನ ಹುಡುಗಿಯರು ಅವಳ ಬಾಯನ್ನೇ ನೋಡುತ್ತಾ ಪೆನ್ನು ಹಿಡಿದು ಕೂತಿದ್ದರು. ಅವಳು ಏನಂದರೂ ಬರೆದುಕೊಳ್ಳುವವರು ಅವರು.

"ನಾನೇ ಕೊಟ್ಟಿದ್ದು ಸಾ. ಆ ಮೂಲೇದಕ್ಕೂ ಒಂದು, ನಿಮ್ಮದಕ್ಕೂ ಒಂದು."

"ತಪ್ಪು ಅಂತ ಗೊತ್ತಿದ್ದೂ?"

"ಊಂ ಸಾ. ನಿಮಗೆ ಆಗಲ್ಲ ಅನ್ನಕ್ಕೆ ಭಯ ಆಯ್ತು."

ಅವರ ಮುಖ ಕೆಂಪಗಾಯಿತು. ನಂಬರು ಹೋದದ್ದಕ್ಕೆ ಬೈಯುತ್ತಾರೆ ಅಂತ ಅವಳು ಕಾಯುತ್ತಿದ್ದರೆ, ಅವರು ಬೈದದ್ದು ಬೇರೆಯದಕ್ಕೆ.

"ನನಗೇ ಆಗಲ್ಲ ಅನ್ನಕ್ಕೆ ಬಾಯಿ ಬರದೋಳು, ನಾಳೆ ಈ ಮಕ್ಕಳು ತಪ್ಪು ಮಾಡಿದರೆ ಏನು ಹೇಳ್ತೀಯ? ಅವರಿಗೂ ಆಗಲಿ ಆಗಲಿ ಅಂತೀಯಾ?" ಎದ್ದು ಬಂದು ಬೋರ್ಡಿನ ಮುಂದೆ ನಿಂತರು. "ಇವತ್ತು ಕ್ಲಾಸ್ ಇಲ್ಲ. ಸೋಮವಾರದಿಂದ ಬೆಂಗಳೂರು ಮೇಷ್ಟ್ರು ಬತ್ತಾರೆ. ಏಳಿ ಎಲ್ಲಾ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುತ್ಯಾಲಮ್ಮ ಅನ್ನುವ ಹುಡುಗಿ ಚೀಲ ಎತ್ತಿಕೊಂಡು ಎದ್ದಳು. ಅವಮಾನಕ್ಕೆ ರತ್ನಮ್ಮನ ಕಿವಿ ಬಿಸಿಯಾಯಿತು. ಅವರು ಅಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ಇನ್ನಷ್ಟು ಉರಿಯಿತು.

ಸೀದಾ ಯಜಮಾನರ ಮೆಷೀನಿನ ಹತ್ತಿರ ಹೋದಳು. ಕೇಳಲಿಲ್ಲ, ಹೇಳಲಿಲ್ಲ. ಕೊನೆಯ ಒಂದನ್ನು ಅಳಿಸಿ, ಯಾವುದಕ್ಕೂ ಕೊಟ್ಟಿರದ ಹನ್ನೆರಡು ಅಂತ ಹಾಕಿ ರೀಸ್ಟಾರ್ಟ್ ಒತ್ತಿದಳು.

"ಏನದು ಮಾಡ್ತಿರೋದು?"

"ಇನ್ಮೇಲೆ ನಿಮ್ಮದು ಹನ್ನೆರಡು ಸಾ. ಒಂದು ಆಗಲ್ಲ. ಯಜಮಾನ್ರು ಯಾರು ಅಂತ ಕೇಬಲ್ಲಿಗೆ ಗೊತ್ತಾಗಲ್ಲ."

ಮುತ್ಯಾಲಮ್ಮ ಚೀಲ ಹಿಡಿದು ನಿಂತಲ್ಲೇ ನಿಂತಿದ್ದಳು.

"ಕೂತ್ಕೊ ಮುತ್ಯಾಲಮ್ಮ, ಕ್ಲಾಸ್ ಐತೆ" ಅಂದಳು ರತ್ನಮ್ಮ. ಚಾಕ್‌ಪೀಸ್ ತಗೊಂಡು ಬೋರ್ಡಿನ ಹತ್ತಿರ ಬಂದಳು. ಯಜಮಾನರು ಅಲ್ಲೇ ಅಡ್ಡ ನಿಂತಿದ್ದರು.

"ಸ್ವಲ್ಪ ಪಕ್ಕಕ್ಕೆ ಬನ್ನಿ ಸಾ. ಮಕ್ಕಳಿಗೆ ಬೋರ್ಡ್ ಕಾಣಲ್ಲ."

ಶ್ರೀನಿವಾಸಪ್ಪನವರು ಅವಳನ್ನು ದುರುಗುಟ್ಟಿಕೊಂಡು ನೋಡಿದರು. ಆಮೇಲೆ ಹಿಂದಿನ ಬೆಂಚಿಗೆ ಹೋಗಿ, ಅಲ್ಲಿದ್ದ ಹುಡುಗರನ್ನು ಒತ್ತರಿಸಿ ಜಾಗ ಮಾಡಿಕೊಂಡು ಕೂತರು.