ಎಡೆಗೆ ತಂದ ಅಂಗಿ

ಹನ್ನೊಂದು ವರ್ಷ ನಾಗೇಶ ಅಣ್ಣನನ್ನು ಹುಡುಕಿದ್ದ. ಅಪ್ಪನ ಜೊತೆ ಜಗಳವಾಡಿ ಗುಬ್ಬಿಯ ಮನೆ ಬಿಟ್ಟುಹೋದ ಅನಂತರಾಜುವಿನ ಫೋಟೋ ಅಂಟಿಸದ ಗೋಡೆ ತುಮಕೂರು ಬಸ್ ಸ್ಟ್ಯಾಂಡಿನ ಸುತ್ತಮುತ್ತ ಉಳಿದಿರಲಿಲ್ಲ. ವಸಂತನರಸಾಪುರದ ಫ್ಯಾಕ್ಟರಿಗೆ ರಜೆ ಸಿಕ್ಕಿತೆಂದರೆ ಬೈಕ್ ಹತ್ತುತ್ತಿದ್ದ. ತಮ್ಮ ಅಂದರೆ ಹೀಗಿರಬೇಕು ಎಂದು ಊರೇ ಹೊಗಳುತ್ತಿತ್ತು. ಹೊಗಳಿಕೆ ಯಾರಿಗೆ ತಾನೆ ಬೇಡ, ಅವನಿಗೂ ಅದು ಒಗ್ಗಿಹೋಗಿತ್ತು.

ಅಣ್ಣ ಸಿಕ್ಕಿದ್ದು ಹೋದ ತಿಂಗಳು, ಹುಡುಕದೇ ಇದ್ದಾಗ. ನಾಗೇಶ ತನ್ನ ಮಗಳು ಬಿಂದುಶ್ರೀಯನ್ನು ಕೊಡಬೇಕೆಂದಿದ್ದ ಮನೆಯವರ ಜೊತೆ ಕುಣಿಗಲ್ಲಿನ ಹೋಟೆಲೊಂದರಲ್ಲಿ ಕೂತಿದ್ದ. ಟೇಬಲ್ ಒರೆಸಲು ಬಂದವನು ಮೂಳೆ ಚಕ್ಕಳವಾಗಿದ್ದ. ಒರೆಸುವ ಬಟ್ಟೆ ಹಿಡಿದು ನಿಂತು, "ನಾಗಾ" ಅಂದ. ಬೀಗರಾಗುವವರು ತಲೆ ಎತ್ತಿದರು.

"ಇನ್ನೊಂದು ಕಾಫಿ ಕಳ್ಸಪ್ಪ," ಅಂದ ನಾಗೇಶ.

ಕಾಫಿ ತಂದವನು ಬೇರೆಯವನು.

ಮನೆಗೆ ಬಂದವನೇ ಅವ್ವನಿಗೆ ಹೇಳಿದ: "ಅಣ್ಣ ತೀರ್ಕೊಂಡವ್ನೆ ಕಣವ್ವ. ಗಟ್ಟಿ ಸುದ್ದಿ."

ಸುಬ್ಬಲಕ್ಷ್ಮಮ್ಮ ಗೋಡೆಯ ಮೇಲಿದ್ದ ಹಿರಿಮಗನ ಫೋಟೋ ಇಳಿಸಿದಳು. ಆಮೇಲೆ, "ಹಂಗಾದ್ರೆ ಪಿತೃಪಕ್ಷಕ್ಕೆ ಅವನ್ಗೂ ಎಡೆ ಇಡಣ. ಹೊಸ ಅಂಗಿ ನೀನೇ ತಗೊಂಬಾ," ಅಂದಳು.

ಹಬ್ಬದ ದಿನ ಗೋಡೆಗೆ ಒರಗಿಸಿದ ಫೋಟೋದಲ್ಲಿ ಅನಂತರಾಜು ದುಂಡುದುಂಡಗೆ ನಗುತ್ತಿದ್ದ. ಅಂಗಿಯ ಗುಂಡಿಗಳು ಹೊಟ್ಟೆಯ ಮೇಲೆ ಬಿಗಿದಿದ್ದವು. ಅವ್ವ ಎಲೆಗೆ ಮುದ್ದೆ, ಕೋಳಿ ಸಾರು, ವಡೆ ಬಡಿಸಿ, ಹೊಸ ಅಂಗಿಯ ಮಡಿಕೆ ಬಿಚ್ಚಿದಳು. ಭುಜ ಹಿಡಿದು ನೋಡಿದಳು. ಫೋಟೋ ನೋಡಿದಳು.

"ಇದ್ಯಾಕ್ಲಾ ಇಷ್ಟು ಸಣ್ಣದು?"

ಅಂಗಡಿಯವನು ಸೈಜ್ ಕೇಳಿದಾಗ ಕಣ್ಣ ಮುಂದೆ ಬಂದದ್ದು ಫೋಟೋದವನಲ್ಲ, ಟೇಬಲ್ ಒರೆಸಿದವನು ಎಂಬುದು ನಾಗೇಶನಿಗೆ ಹೊಳೆದದ್ದೇ ಆಗ. ಅವಸರದಲ್ಲಿ ಅಂಗಿಗೆ ಕೈ ಚಾಚಿದ; ಅವ್ವ ಬಿಡದೆ ಅವನ ಮುಖವನ್ನೇ ನೋಡಿದಳು. ನಾಚಿಕೆಗೆ ಕಿವಿಯವರೆಗೂ ಬಿಸಿಯೇರಿತು.

"ಇಷ್ಟು ಸೊರಗೋಗವ್ನೇನ್ಲಾ?" ಅವ್ವನ ದನಿ ಏರಲಿಲ್ಲ. "ಎಲ್ಲಿ ನೋಡ್ದೆ?"

ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ನೆಲ ನೋಡುತ್ತ ಹೋಟೆಲು, ಬೀಗರು, ಕಾಫಿ ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅವ್ವ ಫೋಟೋದ ಹಾರ ಕಿತ್ತು, ಕುಂಕುಮವನ್ನು ಸೆರಗಿನಿಂದ ಒರೆಸಿದಳು. ಎಡೆ ಮುಟ್ಟಲಿಲ್ಲ, ಅದು ಸತ್ತವರದು. ಒಲೆಯ ಮೇಲಿದ್ದ ಸಾರನ್ನೇ ಕ್ಯಾರಿಯರಿಗೆ ತುಂಬಿದಳು. ಅಂಗಿ ಮಡಿಸಿ ಅವನ ಕೈಗಿಟ್ಟಳು.

"ಬೈಕ್ ತೆಗಿ. ಇದನ್ನ ಅವನ್ಗೆ ನೀನೇ ಕೊಡು. ಯಾಕೆ ತಂದಿದ್ದೆ ಅಂತ್ಲೂ ನೀನೇ ಹೇಳು."